ಹಾಸ್ಟೆಲಿನ ಅಕ್ಕತಂಗಿಯರು ಮತ್ತು ವೈವಿಧ್ಯದ ಪ್ರಶ್ನೆ

1

ಕನ್ನಡದ ದಲಿತ ವಿಮರ್ಶೆಗೆ ಹಾಸ್ಟೆಲು ಎಂದರೆ ಬಹಳ ಅಕ್ಕರೆ. ಅದಕ್ಕೆ ಕಾರಣವೂ ಇದೆ. 1973ರಲ್ಲಿ ಬಿ. ಬಸವಲಿಂಗಪ್ಪನವರ ಬೂಸಾ ಮಾತಿನ ಮೇಲೆ ಗಲಾಟೆ ಎದ್ದಾಗ ಏಟು ಬಿದ್ದದ್ದು ದಲಿತ ವಿದ್ಯಾರ್ಥಿಗಳ ಮೇಲೆ, ಅವರ ಹಾಸ್ಟೆಲುಗಳ ಮೇಲೆ. ಆ ಏಟು ತಿಂದ ಹುಡುಗರೇ ಮುಂದೆ ಸಂಘಟನೆ ಕಟ್ಟಿದರು, ಹಾಡು ಕಟ್ಟಿದರು. ಸಿದ್ಧಲಿಂಗಯ್ಯನವರ 'ಊರುಕೇರಿ'ಯಲ್ಲಿ ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲು ಬರಿಯ ಕಟ್ಟಡವಾಗಿ ಬರುವುದಿಲ್ಲ, ಒಂದು ಪಾತ್ರವಾಗಿಯೇ ಬರುತ್ತದೆ. ಹಸಿವು, ತಮಾಷೆ, ಜಗಳ, ಓದು ಎಲ್ಲ ಅಲ್ಲಿವೆ. ನಮ್ಮ ವಿಮರ್ಶಕರು ಇದನ್ನೆಲ್ಲ ದಲಿತ ಪ್ರಜ್ಞೆಯ ತೊಟ್ಟಿಲು ಎಂದು ಗುರುತಿಸಿದ್ದು ಸರಿಯಾಗಿಯೇ ಇದೆ.

ಆದರೆ ಆ ತೊಟ್ಟಿಲು ಗಂಡುಹುಡುಗರದು. ಹೆಣ್ಣುಮಕ್ಕಳ ಹಾಸ್ಟೆಲಿನ ಗೇಟು ಕತ್ತಲಾಗುವ ಮೊದಲೇ ಮುಚ್ಚುತ್ತದೆ. ಆಮೇಲೆ ಒಳಗೆ ಏನು ನಡೆಯುತ್ತದೆ ಎನ್ನುವುದನ್ನು ನಮ್ಮ ವಿಮರ್ಶೆ ಓದಿದ್ದು ತೀರಾ ಕಡಿಮೆ. ಗಂಡುಹುಡುಗರ ಹಾಸ್ಟೆಲಿಗೆ ಕಲ್ಲು ಹೊರಗಿನಿಂದ ಬಿತ್ತು, ಅದು ಎಲ್ಲರಿಗೂ ಕಂಡಿತು. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಕಲ್ಲು ಬೀಳುವುದಿಲ್ಲ. ಅಲ್ಲಿ ಒಂದು ಲೋಟ ಪಕ್ಕಕ್ಕೆ ಸರಿಯುತ್ತದೆ, ಒಂದು ಮಂಚ ಕಿಟಕಿಯ ಕಡೆಗೆ ಸರಿಯುತ್ತದೆ, ಒಂದು ಮಾತು ಅರ್ಧಕ್ಕೇ ನಿಲ್ಲುತ್ತದೆ. ಇದು ಪೊಲೀಸ್ ಸ್ಟೇಷನ್ನಿಗೆ ಹೋಗುವ ವಿಷಯವಲ್ಲ, ಕವಿತೆಗೂ ಬಂದಿಲ್ಲ.

ನಾನು ಕೋಲಾರ ಚಿನ್ನದ ಗಣಿಯ ಮಾರಿಕುಪ್ಪಂ ಕಡೆಯವಳು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಹಾಸ್ಟೆಲಿನಲ್ಲಿ ಇದ್ದು ಓದಿದವಳು, ಈಗ ಹಾಸ್ಟೆಲಿನಿಂದ ಬರುವ ಹುಡುಗಿಯರಿಗೆ ಪಾಠ ಹೇಳುವವಳು. ಎಲ್ಲ ಹಾಸ್ಟೆಲಿನಲ್ಲೂ ಸೀನಿಯರನ್ನು 'ಅಕ್ಕ' ಅಂತಲೇ ಕರೆಯುತ್ತೇವೆ. ಈ 'ಅಕ್ಕ' ಎನ್ನುವ ಪದದ ಒಳಗೆ ಯಾರು ಸೇರುತ್ತಾರೆ, ಯಾರು ಸೇರುವುದಿಲ್ಲ? ಈಚೆಗೆ ಎಲ್ಲರ ಬಾಯಲ್ಲೂ ಇರುವ 'ವೈವಿಧ್ಯ' ಎನ್ನುವ ಮಾತಿಗೆ ಅಲ್ಲಿ ಅರ್ಥ ಏನು? ಇಷ್ಟನ್ನು ಬಿಡಿಸಿ ನೋಡುವುದು ಈ ಬರಹದ ಉದ್ದೇಶ.

2

ಮೊದಲು ಸ್ವಲ್ಪ ದೂರ ಹೋಗಿ ಬರೋಣ. ದಲಿತ ಚಿಂತನೆಗೆ ಅಮೆರಿಕ ಹೊಸದಲ್ಲ. ಜೋತಿಬಾ ಫುಲೆ 1873ರಲ್ಲಿ ತಮ್ಮ 'ಗುಲಾಮಗಿರಿ'ಯನ್ನು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದರು. ಅಂಬೇಡ್ಕರ್ 1946ರಲ್ಲಿ ಕಪ್ಪು ಜನರ ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಕಾಗದ ಬರೆದರು. 1972ರಲ್ಲಿ ಮುಂಬಯಿಯ ಹುಡುಗರು ಬ್ಲ್ಯಾಕ್ ಪ್ಯಾಂಥರ್ ಹೆಸರನ್ನು ನೋಡಿಯೇ ದಲಿತ ಪ್ಯಾಂಥರ್ ಎಂದು ಹೆಸರಿಟ್ಟುಕೊಂಡರು. ಇದೆಲ್ಲ ಗೊತ್ತಿರುವ ಮಾತು. ಗೊತ್ತಿಲ್ಲದ್ದು ಅಲ್ಲಿನ ಹೆಣ್ಣುಮಕ್ಕಳ ಮನೆಗಳ ಕತೆ.

ಅಮೆರಿಕದ ಕಾಲೇಜುಗಳಲ್ಲಿ 'ಸೊರೊರಿಟಿ' ಅಂತ ಒಂದು ವ್ಯವಸ್ಥೆ ಇದೆ. ಲ್ಯಾಟಿನ್ನಿನಲ್ಲಿ 'ಸೊರೊರ್' ಎಂದರೆ ಒಡಹುಟ್ಟಿದ ಹೆಣ್ಣು, ಅಂದರೆ ನಮ್ಮ ಅಕ್ಕ ಅಥವಾ ತಂಗಿ. ಎರಡೋ ಮೂರೋ ಗ್ರೀಕ್ ಅಕ್ಷರಗಳ ಹೆಸರಿನ ಒಂದು ಸಂಘ. ಎಷ್ಟೋ ಕಡೆ ಅದಕ್ಕೆ ಒಂದು ದೊಡ್ಡ ಮನೆಯೂ ಇರುತ್ತದೆ. ಅರ್ಜಿ ಹಾಕಿದರೆ ಸೀಟು ಸಿಗುವುದಿಲ್ಲ, ಒಳಗಿರುವವರು ಆರಿಸಬೇಕು. ಹೊಸ ಹುಡುಗಿಯರು ಮನೆಯಿಂದ ಮನೆಗೆ ಹೋಗಿ ನಗುತ್ತಾ ಮಾತಾಡಿ ತಮ್ಮನ್ನು ತೋರಿಸಿಕೊಳ್ಳುತ್ತಾರೆ. ಹಳೆಯ ಸದಸ್ಯೆಯರ ಶಿಫಾರಸು ಪತ್ರಕ್ಕೆ ಬಹಳ ಬೆಲೆ. ಒಮ್ಮೆ ಒಳಗೆ ಹೋದರೆ ನೌಕರಿ, ಮದುವೆ, ರಾಜಕೀಯ ಎಲ್ಲಕ್ಕೂ ಆ ಅಕ್ಕತಂಗಿಯರ ನಂಟು ಜೀವಮಾನಪೂರ್ತಿ ಕೆಲಸಕ್ಕೆ ಬರುತ್ತದೆ. ಬಿಳಿಯರ ಸಂಘಗಳು ಕಪ್ಪು ಹುಡುಗಿಯರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಕೆಲವು ಕಡೆ ನಿಯಮದಲ್ಲೇ ಬರೆದಿತ್ತು, ಹಲವು ಕಡೆ ಬರೆಯುವ ಅಗತ್ಯವೇ ಇರಲಿಲ್ಲ.

ಹಾಗಾಗಿ ಕಪ್ಪು ಹುಡುಗಿಯರು ತಮ್ಮದೇ ಮನೆ ಕಟ್ಟಿಕೊಂಡರು. ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ 1908ರಲ್ಲಿ ಆಲ್ಫಾ ಕಪ್ಪಾ ಆಲ್ಫಾ, 1913ರಲ್ಲಿ ಡೆಲ್ಟಾ ಸಿಗ್ಮಾ ಥೀಟಾ ಹುಟ್ಟಿದವು. ಎರಡನೆಯದು ಹುಟ್ಟಿ ಎರಡು ತಿಂಗಳೂ ಆಗಿರಲಿಲ್ಲ, 1913ರ ಮಾರ್ಚ್ 3ರಂದು ವಾಷಿಂಗ್ಟನ್ನಿನಲ್ಲಿ ಹೆಂಗಸರ ಮತದಾನದ ಹಕ್ಕಿಗಾಗಿ ದೊಡ್ಡ ಮೆರವಣಿಗೆ ನಡೆಯಿತು. ಆ ಹುಡುಗಿಯರು ಅದರಲ್ಲಿ ನಡೆದರು. ಅಲ್ಲಿ ಕಪ್ಪು ಹೆಂಗಸರನ್ನು ಹಿಂದಿನ ಸಾಲಿಗೆ ಕಳಿಸುವ ಪ್ರಯತ್ನ ನಡೆಯಿತು. ಪತ್ರಕರ್ತೆ ಐಡಾ ಬಿ. ವೆಲ್ಸ್ ಒಪ್ಪಲಿಲ್ಲ. ತಮ್ಮ ರಾಜ್ಯದ ಬಿಳಿಯ ಹೆಂಗಸರ ಸಾಲಿಗೇ ಬಂದು ಸೇರಿಕೊಂಡು ನಡೆದರು. ಹೆಣ್ಣಿನ ಹಕ್ಕಿಗೆ ನಡೆದ ಮೆರವಣಿಗೆಯಲ್ಲೇ ಮುಂದೆ ಯಾರು, ಹಿಂದೆ ಯಾರು ಎಂಬ ಪ್ರಶ್ನೆ ಎದ್ದಿತ್ತು ಎಂಬುದನ್ನು ಗಮನಿಸಬೇಕು.

ಇದೆಲ್ಲ ಹಳೇ ಕತೆ ಅಲ್ವಾ ಅಂದರೆ, ಅಲ್ಲ. ಅಲಬಾಮಾ ವಿಶ್ವವಿದ್ಯಾಲಯದ ಬಾಗಿಲಲ್ಲಿ 1963ರಲ್ಲಿ ಆ ರಾಜ್ಯದ ಗವರ್ನರೇ ಅಡ್ಡ ನಿಂತಿದ್ದ. ಆಮೇಲೆ ಕಪ್ಪು ವಿದ್ಯಾರ್ಥಿಗಳು ಒಳಗೆ ಬಂದರು, ಓದಿದರು. ಸರಿಯಾಗಿ 50 ವರ್ಷವಾದ ಮೇಲೆ, 2013ರ ಸೆಪ್ಟೆಂಬರಿನಲ್ಲಿ ಅಲ್ಲಿನ ವಿದ್ಯಾರ್ಥಿಗಳ ಪತ್ರಿಕೆ 'ಕ್ರಿಮ್ಸನ್ ವೈಟ್' ಒಂದು ವರದಿ ಹಾಕಿತು. ಒಳ್ಳೆಯ ಅಂಕ ಪಡೆದ ಒಬ್ಬ ಕಪ್ಪು ಹುಡುಗಿಯನ್ನು ಸೇರಿಸಿಕೊಳ್ಳಲು ಸೊರೊರಿಟಿಗಳಲ್ಲಿದ್ದ ಬಿಳಿಯ ಹುಡುಗಿಯರಿಗೇ ಮನಸ್ಸಿತ್ತು, ತಡೆದವರು ಹಳೆಯ ಸದಸ್ಯೆಯರು ಎಂಬುದು ಅದರ ಸಾರ. ಆ ಹುಡುಗಿಯರು ಬಾಯಿ ಬಿಟ್ಟು ಹೇಳಿದ್ದರಿಂದಲೇ ವಿಷಯ ಹೊರಬಿತ್ತು. ವಿಶ್ವವಿದ್ಯಾಲಯ ಆಯ್ಕೆಯನ್ನು ಮತ್ತೆ ತೆರೆಸಬೇಕಾಯಿತು, ಕೆಲವು ಕಪ್ಪು ಹುಡುಗಿಯರಿಗೆ ಕರೆ ಹೋಯಿತು.

ಈ ಪ್ರಸಂಗದಿಂದ ನಾವು ತಿಳಿಯಬೇಕಾದ್ದು ಒಂದು. ಕಾಗದದ ಮೇಲಿನ ನಿಷೇಧ ಹೋದ ಮೇಲೂ ಹೊರಗಿಡುವುದು ನಡೆಯುತ್ತದೆ. ಅದಕ್ಕೆ ಆಗ ಬೇರೆ ಭಾಷೆ ಬರುತ್ತದೆ. 'ಕಪ್ಪು' ಎಂದು ಯಾರೂ ಹೇಳುವುದಿಲ್ಲ. 'ಶಿಫಾರಸು ಇಲ್ಲ', 'ನಮ್ಮ ಮನೆಗೆ ಹೊಂದುವುದಿಲ್ಲ' ಎನ್ನುತ್ತಾರೆ. ಈ 'ಹೊಂದುವುದು' ಎಂಬ ಪದವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಬಂಗಾರಪೇಟೆಗೆ ಬಂದರೂ ಇದೇ ಪದ ಸಿಗುತ್ತದೆ.

3

ನಮ್ಮ ಊರಿಗೆ ಬರೋಣ. ಕೆಜಿಎಫ್‌ನಲ್ಲಿ ವರ್ಣಭೇದ ಪುಸ್ತಕದ ಮಾತಲ್ಲ, ಅದು ಊರಿನ ನಕ್ಷೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಗಣಿಗಾರಿಕೆ ಹಿಡಿಯಿತು. ಬಿಳಿಯರಿಗೆ ತೋಟದ ಬಂಗಲೆ ಮತ್ತು ಕ್ಲಬ್ಬು, ಆಂಗ್ಲೋ ಇಂಡಿಯನ್ನರಿಗೆ ಅದಕ್ಕಿಂತ ಸಣ್ಣ ಕ್ವಾರ್ಟರ್ಸು, ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ ಬಂದ ನಮ್ಮಂಥವರಿಗೆ ಕೂಲಿ ಲೈನುಗಳು. ಬಿದಿರು ತಟ್ಟಿಯ ಗೋಡೆ, ಒಂದೇ ಕೋಣೆ. ನೆಲದಡಿಗೆ ಇಳಿಯುವ ಆಳುಗಳಲ್ಲಿ ಬಹುಪಾಲು ಆದಿದ್ರಾವಿಡರು. ಊರಿಗೆ 'ಚಿಕ್ಕ ಇಂಗ್ಲೆಂಡು' ಅಂತ ಹೆಸರು ಬಂತು. ಆ ಇಂಗ್ಲೆಂಡಿನಲ್ಲಿ ನಮ್ಮ ತಾತಂದಿರಿಗೆ ಲೈನಿನ ಆಚೆಗೆ ಜಾಗ ಇರಲಿಲ್ಲ.

ಜಾಗ ಇಲ್ಲ ಅಂತ ಸುಮ್ಮನಿದ್ದವರಲ್ಲ ನಮ್ಮವರು. ಪಂಡಿತ ಅಯೋತಿದಾಸರು ಮದರಾಸಿನಲ್ಲಿ ಹಚ್ಚಿದ ಶಾಕ್ಯ ಬೌದ್ಧ ಸಂಘದ ದೀಪ ಕಳೆದ ಶತಮಾನದ ಆದಿಯಲ್ಲೇ ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್‌ಗೆ ಬಂತು. ಅವರ 'ತಮಿಳನ್' ಪತ್ರಿಕೆ ಮುಂದೆ ಜಿ. ಅಪ್ಪಾದುರೈಯವರಂಥವರ ಕೈಯಲ್ಲಿ ಇಲ್ಲಿಂದಲೇ ಹೊರಟಿತು. 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದು ದಾಖಲೆ ಇಡುವ ಕ್ರಮ ಬಂದಾಗ ಇಡೀ ಗಣಿ ಕೆಲಸ ನಿಲ್ಲಿಸಿತು. 1946ರ ಮುಷ್ಕರದಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. 1954ರಲ್ಲಿ ಅಂಬೇಡ್ಕರ್ ಇಲ್ಲಿಗೆ ಬಂದುಹೋದರು. ನಮಗೆ ಓದಬೇಕು ಅನ್ನುವ ಹಟ ಬಂದದ್ದು ಈ ನೆಲದಿಂದ.

2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಊರು ರೈಲಿಗೆ ಬಿತ್ತು. ಮಾರಿಕುಪ್ಪಂ, ಚಾಂಪಿಯನ್, ಊರಗಾಂ, ಕೋರಮಂಡಲ್, ಬೆಮೆಲ್ ನಗರ, ಅಲ್ಲಿಂದ ಬಂಗಾರಪೇಟೆ ಜಂಕ್ಷನ್, ಆಮೇಲೆ ಬೆಂಗಳೂರು. ಕೆಲಸಕ್ಕೆ ಹೋಗುವವರು ದಿನಾ ಹೋಗಿ ಬರುತ್ತಾರೆ. ಓದಲು ಹೋಗುವ ಹುಡುಗಿಯರು ಬಂಗಾರಪೇಟೆಯಲ್ಲೋ ಕೋಲಾರದಲ್ಲೋ ಬೆಂಗಳೂರಿನಲ್ಲೋ ಹಾಸ್ಟೆಲು ಹಿಡಿಯುತ್ತಾರೆ. ಲೈನಿನಲ್ಲಿ ಇರುವಷ್ಟು ದಿನ ಅವಳಿಗೆ ಜಾತಿ ಅಷ್ಟಾಗಿ ಚುಚ್ಚುವುದಿಲ್ಲ, ಯಾಕೆಂದರೆ ಅಕ್ಕಪಕ್ಕದವರೆಲ್ಲ ಅವಳಂಥವರೇ. ಬಂಗಾರಪೇಟೆಯಲ್ಲಿ ಇಳಿದು ಟ್ರಂಕು ಎತ್ತಿಕೊಂಡ ಹೊತ್ತಿನಿಂದ ಅವಳ ಪಾಠ ಶುರು.

4

ನಾನಿದ್ದ ಹಾಸ್ಟೆಲಿನ ಹೆಸರು ಇಲ್ಲಿ ಬೇಡ. ಯಾವ ಹೆಸರು ಹಾಕಿದರೂ ಮಾತು ಬದಲಾಗುವುದಿಲ್ಲ. ಅಲ್ಲಿ ನನ್ನನ್ನು ಯಾರೂ ಜಾತಿ ಕೇಳಲಿಲ್ಲ. ಕೇಳಿದ್ದು ಹೀಗೆ:

"ಯಾವೂರೇ?"

"ಕೆಜಿಎಫ್, ಅಕ್ಕ."

"ಓ, ತಮಿಳಾ? ನಿಮ್ಮಪ್ಪ ಮೈನ್ಸಲ್ಲಾ?"

"ಹೂಂ."

"ಒಳಗಡೆ ಕೆಲ್ಸಾನಾ, ಮೇಲ್ಗಡೆ ಕೆಲ್ಸಾನಾ?"

ಒಳಗಡೆ ಎಂದರೆ ನೆಲದಡಿ. ಮೇಲ್ಗಡೆ ಎಂದರೆ ಆಫೀಸು. ಇಷ್ಟು ತಿಳಿದರೆ ಸಾಕು, ಮಿಕ್ಕದ್ದು ಅವರೇ ಲೆಕ್ಕ ಹಾಕಿಕೊಳ್ಳುತ್ತಾರೆ. ಬೇರೆ ಕಡೆಯ ಹುಡುಗಿಯರಿಗೆ 'ಮನೆದೇವರು ಯಾವುದು', 'ಊರಲ್ಲಿ ಮನೆ ಎಲ್ಲಿ ಬರುತ್ತೆ', 'ನಿಮ್ಮಲ್ಲಿ ತಿಂತೀರಾ' ಎನ್ನುವ ಪ್ರಶ್ನೆಗಳು. ಕೇಳುವವಳ ದನಿಯಲ್ಲಿ ದ್ವೇಷ ಇರುವುದಿಲ್ಲ, ಅಕ್ಕನ ಕಕ್ಕುಲಾತಿಯೇ ಇರುತ್ತದೆ. ಅದರಿಂದಲೇ ಇದನ್ನು ಹಿಡಿಯುವುದು ಕಷ್ಟ.

ಎರಡನೆಯದು ಕೋಣೆ. ವಾರ್ಡನ್ ಪಟ್ಟಿ ಮಾಡುವಾಗ 'ಅವರವರು ಅವರವರ ಜೊತೆ ಇದ್ದರೆ ಹೊಂದಿಕೊಳ್ತಾರೆ' ಅಂತ ಒಂದು ಮಾತು ಬರುತ್ತದೆ. ಕೇಳಲು ಹಿತವಾದ ಮಾತು. ಆದರೆ ಹಾಗೆ ಹೊಂದಿಸಿದ ಮೇಲೆ ಹಾಸ್ಟೆಲಿನ ಒಳಗೇ ಒಂದು ಊರು, ಒಂದು ಕೇರಿ ಏಳುತ್ತವೆ. ಇದು ಹಳ್ಳಿಗಾಡಿನ ಅಜ್ಞಾನ ಅಂದುಕೊಳ್ಳುವವರು ದೆಹಲಿಯ ಏಮ್ಸ್ ಕಡೆ ನೋಡಬೇಕು. ದೇಶದ ಅತಿ ದೊಡ್ಡ ವೈದ್ಯಕೀಯ ಸಂಸ್ಥೆ ಅದು. ದಲಿತ, ಆದಿವಾಸಿ ವಿದ್ಯಾರ್ಥಿಗಳು ಕಿರುಕುಳ ತಾಳದೆ ಹಾಸ್ಟೆಲಿನ ಕೆಲವೇ ಮಹಡಿಗಳಿಗೆ ಸರಿದು ಗುಂಪಾಗಿ ಬದುಕುತ್ತಿದ್ದುದನ್ನು ಅಲ್ಲಿ ಸುಖದೇವ್ ಥೋರಟ್ ಸಮಿತಿ 2007ರಲ್ಲಿ ದಾಖಲಿಸಿತು.

ಮೂರನೆಯದು ಅನ್ನ. ನಮ್ಮ ಕಡೆ ಕರುವಾಡು ಅನ್ನುವ ಒಣಮೀನು ಹುರಿದರೆ ಇಡೀ ಲೈನಿಗೆ ಊಟದ ಹೊತ್ತಾಯಿತು ಅಂತ ಗೊತ್ತಾಗುತ್ತದೆ. ಹಾಸ್ಟೆಲಿನಲ್ಲಿ ಅದು 'ವಾಸನೆ'. ಒಬ್ಬಳ ಅಮ್ಮ ತಂದ ತುಪ್ಪದ ವಾಸನೆಯ ಬಗ್ಗೆ ಯಾರೂ ನಿಯಮ ಮಾಡುವುದಿಲ್ಲ, ಇನ್ನೊಬ್ಬಳ ಅಮ್ಮ ತಂದ ಮೀನಿನ ಬಗ್ಗೆ ಗೋಡೆಯ ಮೇಲೆ ನೋಟೀಸು ಬರುತ್ತದೆ. ಉಪ್ಪಿನಕಾಯಿ ಬಾಟಲಿಗೆ ನಾವು ಕೈ ಹಾಕುವ ಮೊದಲೇ ಅವಳೇ ಚಮಚದಲ್ಲಿ ತೆಗೆದು ನಮ್ಮ ತಟ್ಟೆಗೆ ಹಾಕುತ್ತಾಳೆ. ಪ್ರೀತಿಯೋ ಮಡಿಯೋ ಎಂದು ತಿಳಿಯದೆ ನಾವು ತಿನ್ನುತ್ತೇವೆ. ಅಡುಗೆಯವಳು ಯಾರು ಎಂಬುದಂತೂ ಇನ್ನೂ ದೊಡ್ಡ ಪ್ರಶ್ನೆ. ನಮ್ಮದೇ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವಾಕೆ ದಲಿತೆ ಎಂದು ಜನ ಮಕ್ಕಳನ್ನು ಶಾಲೆ ಬಿಡಿಸಿದ ಸುದ್ದಿ 2015ರಲ್ಲಿ ಪತ್ರಿಕೆಗಳಲ್ಲಿ ಬಂತು. ಆ ಮಕ್ಕಳಲ್ಲಿ ಹೆಣ್ಣುಮಕ್ಕಳೂ ಇದ್ದರು. ಅವರೇ ದೊಡ್ಡವರಾಗಿ ನಾಳೆ ಹಾಸ್ಟೆಲಿಗೆ ಬರುತ್ತಾರೆ.

ನಾಲ್ಕನೆಯದು ಕೆಲಸ. ಯಾರೋ ಬರದೇ ಇದ್ದ ದಿನ ಬಚ್ಚಲು ತೊಳೆಯುವುದಕ್ಕೆ ಯಾರ ಕಡೆ ಕಣ್ಣು ತಿರುಗುತ್ತದೆ ಎನ್ನುವುದನ್ನು ನೋಡಿದರೆ ಸಾಕು. 2023ರ ಡಿಸೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಯಲವಹಳ್ಳಿಯ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸಂಗತಿಯನ್ನು ರಾಜ್ಯವೇ ನೋಡಿತು. ಅದು ಅತಿರೇಕ ಅಂತಾರೆ. ಅತಿರೇಕವೇ ಸರಿ, ಆದರೆ ದಿನಾ ನಡೆಯುವುದರ ತುದಿಯಲ್ಲಿ ಅಂಥದ್ದು ನಡೆಯುತ್ತದೆ.

ಐದನೆಯದು ಹೊಗಳಿಕೆ. "ನಿನ್ನ ನೋಡಿದ್ರೆ ಹಂಗೆ ಅನ್ಸೋದೇ ಇಲ್ಲ ಕಣೆ." 'ಹಂಗೆ' ಎಂದರೆ ಹೆಂಗೆ? ಬಣ್ಣ ತಿಳಿಯಾಗಿದ್ದರೆ, ಉಚ್ಚಾರ ಶುದ್ಧವಾಗಿದ್ದರೆ ಈ ಬಹುಮಾನ ಸಿಗುತ್ತದೆ. ಇದು ಬೈಗುಳಕ್ಕಿಂತ ಆಳವಾದ ಗಾಯ. ಬೈದರೆ ತಿರುಗಿ ಬೈಯಬಹುದು, ಹೊಗಳಿದವಳಿಗೆ ಏನು ಹೇಳುವುದು? ಇದನ್ನು ಕೇಳಿ ಕೇಳಿ ಎಷ್ಟೋ ಹುಡುಗಿಯರು 'ನಮ್ಮೂರು ಕೋಲಾರ' ಎಂದು ಹೇಳಿ ಮಾತು ಮುಗಿಸುವುದನ್ನು ಕಲಿಯುತ್ತಾರೆ. ಗಣಿ, ಲೈನು, ಅಪ್ಪ, ಎಲ್ಲ ಮುಚ್ಚಿಕೊಳ್ಳುತ್ತವೆ. 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಲಯದಲ್ಲಿ ಬೇರೆಯವರ ಜೊತೆ ಸರಿಸಮನಾಗಿ ಇದ್ದ ಅಂಬೇಡ್ಕರ್, ಬರೋಡಾಕ್ಕೆ ನೌಕರಿಗೆ ಬಂದಾಗ ತಲೆ ಮೇಲೆ ಸೂರಿಗಾಗಿ ಪಾರ್ಸಿ ಹೆಸರು ಹೇಳಿಕೊಂಡು ಒಂದು ಛತ್ರದಲ್ಲಿ ಇರಬೇಕಾಯಿತು. ಗುಟ್ಟು ತಿಳಿದು ಕೋಲು ಹಿಡಿದವರು ಬಂದು ಅವರನ್ನು ಹೊರಗೆ ಹಾಕಿದರು. ಹೆಸರು ಮುಚ್ಚಿಕೊಳ್ಳುವ ಹುಡುಗಿಯನ್ನು ಹೇಡಿ ಎನ್ನುವ ಮೊದಲು ನಾವು ಆ ಛತ್ರವನ್ನು ನೆನೆಯಬೇಕು.

ಇದೆಲ್ಲ ಸಣ್ಣ ಸಂಗತಿ, ಇದಕ್ಕೆ ಯಾರಾದರೂ ಸಾಯುತ್ತಾರಾ ಅಂತ ಕೇಳುವವರಿದ್ದಾರೆ. 2019ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಡಾಕ್ಟರ್ ಪಾಯಲ್ ತಡ್ವಿ ಹಾಸ್ಟೆಲಿನ ತಮ್ಮ ಕೋಣೆಯಲ್ಲಿ ಪ್ರಾಣ ಬಿಟ್ಟರು. ಆದಿವಾಸಿ ಕುಟುಂಬದಿಂದ ಬಂದು ಎಂ.ಡಿ. ಓದುತ್ತಿದ್ದವರು. ಜಾತಿಯ ಕಿರುಕುಳ ಕೊಟ್ಟ ಆರೋಪ ಬಂದದ್ದು ಮೂವರು ಸೀನಿಯರುಗಳ ಮೇಲೆ. ಮೂವರೂ ಹೆಂಗಸರು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಮೂವರೂ ಅಕ್ಕಂದಿರು.

5

ಹೆಣ್ಣು ಎಂಬ ಒಂದೇ ನೋವು ನಮ್ಮನ್ನೆಲ್ಲ ಅಕ್ಕತಂಗಿಯರನ್ನಾಗಿ ಮಾಡುತ್ತದೆ ಎಂದು ಸ್ತ್ರೀವಾದಿ ಗೆಳತಿಯರು ಹೇಳುತ್ತಾರೆ. ಆ ಮಾತಿನಲ್ಲಿ ಸತ್ಯ ಇಲ್ಲ ಅಂತಲ್ಲ. ಮುಟ್ಟಿನ ದಿನ ಬಟ್ಟೆ ಕೊಟ್ಟು, ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟ ಮೇಲ್ಜಾತಿಯ ಗೆಳತಿಯರು ನನಗೂ ಇದ್ದರು. ಆದರೆ ಚರಿತ್ರೆ ಬೇರೆ ಮಾತನ್ನೂ ಹೇಳುತ್ತದೆ. 1937ರಲ್ಲಿ ನಾಗಪುರದಲ್ಲಿ ಅಖಿಲ ಭಾರತ ಮಹಿಳಾ ಪರಿಷತ್ತಿನ ಸಮ್ಮೇಳನ ನಡೆದಾಗ, ದಲಿತ ಹೆಣ್ಣುಮಕ್ಕಳಿಗೆ ಶಾಲೆ ನಡೆಸುತ್ತಿದ್ದ ಜಾಯಿಬಾಯಿ ಚೌಧರಿ ಅವರನ್ನು ಊಟಕ್ಕೆ ಬೇರೆ ಕೂರಿಸಿದರು. ವೇದಿಕೆಯ ಮೇಲೆ ಅಕ್ಕತಂಗಿ, ಎಲೆ ಹಾಕಿದಾಗ ದೂರ. ದಲಿತ ಹೆಂಗಸರು ಅದನ್ನು ಸಭೆ ಸೇರಿ ಖಂಡಿಸಿದರು. 1942ರ ಜುಲೈನಲ್ಲಿ ಅದೇ ನಾಗಪುರದಲ್ಲಿ ಸುಲೋಚನಾ ಡೋಂಗ್ರೆ ಅವರ ಅಧ್ಯಕ್ಷತೆಯಲ್ಲಿ ದಲಿತ ವರ್ಗಗಳ ಮಹಿಳೆಯರ ತಮ್ಮದೇ ಸಮ್ಮೇಳನ ನಡೆಯಿತು. ಹೋವರ್ಡಿನ ಹುಡುಗಿಯರು 1908ರಲ್ಲಿ ಮಾಡಿದ್ದೂ ಇದನ್ನೇ. ಬಾಗಿಲು ಮುಚ್ಚಿದವರ ಮುಂದೆ ಕೈ ಚಾಚಿ ನಿಲ್ಲದೆ ತಮ್ಮದೇ ಮನೆ ಕಟ್ಟಿದರು.

ದೇವರ ಮನೆಯಲ್ಲೂ ಈ ಕತೆ ಬೇರೆಯಲ್ಲ. ಕನ್ಯಾಮಠದಲ್ಲಿ ಎಲ್ಲರೂ 'ಸಿಸ್ಟರ್'. ತಮಿಳಿನ ಬಾಮಾ ಬಡ ಮಕ್ಕಳಿಗೆ ಕೆಲಸ ಮಾಡುವ ಆಸೆಯಿಂದ ಸನ್ಯಾಸಿನಿಯಾದವರು. ಆ ಸಿಸ್ಟರುಗಳ ನಡುವೆಯೇ ಜಾತಿ ಕಂಡು ಹೊರಗೆ ಬಂದು 1992ರಲ್ಲಿ 'ಕರುಕ್ಕು' ಬರೆದರು. ನಮ್ಮ ಗಣಿಯ ಕಡೆ ಅದನ್ನು ತಮಿಳಿನಲ್ಲೇ ಓದಿದ ಹುಡುಗಿಯರಿದ್ದಾರೆ. ಕನ್ನಡದ ದಲಿತ ವಿಮರ್ಶೆ ಅದನ್ನು ಬರಿಯ 'ಪಕ್ಕದ ಭಾಷೆಯ ಆತ್ಮಕತೆ' ಎಂದು ನೋಡಬಾರದು. ಅಕ್ಕತಂಗಿತನದ ಒಳಗಿನ ಜಾತಿಯನ್ನು ಓದುವುದು ಹೇಗೆ ಎಂದು ಕಲಿಸುವ ಪುಸ್ತಕ ಅದು.

ನಮ್ಮಲ್ಲಿ ಸೊರೊರಿಟಿ ಇಲ್ಲವಲ್ಲ ಎಂದರೆ, ಹೆಸರು ಮಾತ್ರ ಇಲ್ಲ. ಮೈಸೂರು ಸೀಮೆಯಲ್ಲಿ 1905ರಲ್ಲಿ ಲಿಂಗಾಯತರ ವಿದ್ಯಾನಿಧಿ, 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿದವು. ಒಂದೊಂದಾಗಿ ಬೇರೆ ಜಾತಿಗಳೂ ಸಂಘ ಕಟ್ಟಿ ಹಾಸ್ಟೆಲು ತೆರೆದವು. ಆ ಕಾಲದ ಬ್ರಾಹ್ಮಣ ಯಜಮಾನಿಕೆಯ ಎದುರು ಅವು ಬೇಕಾಗಿದ್ದವು, ಹಳ್ಳಿಯ ಮಕ್ಕಳಿಗೆ ಅನ್ನ ಅಕ್ಷರ ಕೊಟ್ಟವು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಹುಟ್ಟಿನಿಂದ ಸದಸ್ಯತ್ವ, ಹಿರಿಯರ ಶಿಫಾರಸು, ಮುಂದೆ ನೌಕರಿಗೂ ಮದುವೆಗೂ ಅದೇ ಬಳಗ ಎಂದ ಮೇಲೆ ಅಲಬಾಮಾದ ಮನೆಗೂ ಇದಕ್ಕೂ ಏನು ವ್ಯತ್ಯಾಸ? ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಇನ್ನೂ ಒಂದು ಕಾರಣ ಸೇರುತ್ತದೆ. ಮಗಳು ಬೇರೆ ಜಾತಿಯವರ ಗೆಳೆತನ ಮಾಡಿದರೆ ನಾಳೆ ಬೇರೆ ಜಾತಿಯ ಮನೆಗೆ ಹೋಗಿಬಿಟ್ಟಾಳು ಎನ್ನುವ ಭಯ. 2023ರ ಜೂನ್‌ನಲ್ಲಿ ಬಂಗಾರಪೇಟೆ ತಾಲ್ಲೂಕಿನ ಬೋಡಗುರ್ಕಿಯಲ್ಲಿ ಕಾಲೇಜು ಓದುವ ಮಗಳನ್ನು ಕೊಂದ ಆರೋಪದ ಮೇಲೆ ತಂದೆಯ ಬಂಧನವಾಯಿತು. ಅವಳು ಪ್ರೀತಿಸಿದ್ದ ದಲಿತ ಹುಡುಗ ರೈಲಿಗೆ ತಲೆ ಕೊಟ್ಟ. ಹೆಣ್ಣಿನ ಗೆಳೆತನದ ಮೇಲೆ ಜಾತಿ ಇಷ್ಟು ಕಾವಲು ಯಾಕೆ ಹಾಕುತ್ತದೆ ಎಂದರೆ ಇದಕ್ಕೇ. ಹಾಸ್ಟೆಲಿನ ಗೇಟು ಬರಿಯ ಕಳ್ಳರಿಗಾಗಿ ಮುಚ್ಚುವುದಿಲ್ಲ.

6

ಈಗ 'ವೈವಿಧ್ಯ'ಕ್ಕೆ ಬರುತ್ತೇನೆ. ಹಾಸ್ಟೆಲ್ ಡೇ ದಿನ ಭಾವೈಕ್ಯದ ನೃತ್ಯ ಇರುತ್ತದೆ. ಒಬ್ಬಳು ಕೊಡವತಿ, ಒಬ್ಬಳು ಮುಸ್ಲಿಂ, ಒಬ್ಬಳು ಲಂಬಾಣಿ. ಲಂಬಾಣಿ ವೇಷ ಹಾಕಿದವಳು ಲಂಬಾಣಿ ಅಲ್ಲ. ನಿಜವಾದ ಲಂಬಾಣಿ ಹುಡುಗಿ ಪರದೆಯ ಹಿಂದೆ ಅವಳಿಗೆ ಕನ್ನಡಿ ಲಂಗ ಕಟ್ಟಿಕೊಡುತ್ತಿರುತ್ತಾಳೆ. ಜನ ಚಪ್ಪಾಳೆ ಹೊಡೆಯುತ್ತಾರೆ, ಮುಖ್ಯ ಅತಿಥಿಗಳು ವಿವಿಧತೆಯಲ್ಲಿ ಏಕತೆ ಅಂತಾರೆ. ಯಜಮಾನಿಕೆಗೆ ಬೇಕಾದ ವೈವಿಧ್ಯ ಇದು. ವೇಷ ಬೇಕು, ವೇಷದ ಒಡತಿ ಬೇಡ.

ಇನ್ನೊಂದು ಸರ್ಕಾರದ ವೈವಿಧ್ಯ. ಎಸ್ಸಿ ಹಾಸ್ಟೆಲು, ಬಿಸಿಎಂ ಹಾಸ್ಟೆಲು ಎಂದು ಜನ ಕರೆಯುವ ಕಟ್ಟಡಗಳು. ಈ ಹಾಸ್ಟೆಲುಗಳು ಇಲ್ಲದಿದ್ದರೆ ನಮ್ಮಲ್ಲಿ ಅರ್ಧ ಜನ ಓದುತ್ತಲೇ ಇರಲಿಲ್ಲ. ಅವುಗಳನ್ನು ಮುಚ್ಚಿ ಎಂದು ಹೇಳುವವರು ನಮ್ಮ ಗೆಳೆಯರಲ್ಲ. ಆದರೆ ಅವುಗಳ ಲೆಕ್ಕ ನಮ್ಮ ಗಣಿಯಲ್ಲಿ ಹೇಗೆ ಕೆಲಸ ಮಾಡುತ್ತದೆ ನೋಡಿ. ಒಂದೇ ಲೈನಿನ ಅಕ್ಕಪಕ್ಕದ ಎರಡು ಮನೆ, ಇಬ್ಬರು ಹುಡುಗಿಯರು, ಮೂಲ ಜಾತಿ ಒಂದೇ. ಒಬ್ಬಳ ಮನೆಯಲ್ಲಿ ಮಾರಿಯಮ್ಮ, ಇನ್ನೊಬ್ಬಳ ಮನೆಯಲ್ಲಿ ಏಸು. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಕ್ರೈಸ್ತರು ಪರಿಶಿಷ್ಟರಲ್ಲ. ಬೌದ್ಧರಿಗೇ ಆ ಹಕ್ಕು ಸಿಕ್ಕಿದ್ದು 1990ರಲ್ಲಿ. ಕರ್ನಾಟಕದಲ್ಲಿ ದಲಿತ ಕ್ರೈಸ್ತರು ಹಿಂದುಳಿದವರ ಪ್ರವರ್ಗ ಒಂದರಲ್ಲಿ ಬರುತ್ತಾರೆ. ಹಾಗಾಗಿ ಒಬ್ಬಳು ಆ ಹಾಸ್ಟೆಲು, ಇನ್ನೊಬ್ಬಳು ಈ ಹಾಸ್ಟೆಲು. ಅವಮಾನ ಮಾತ್ರ ಇಬ್ಬರಿಗೂ ಒಂದೇ.

ನಮ್ಮ ಒಳಗಿನ ಮಾತನ್ನೂ ಆಡಬೇಕು. ಆದಿಕರ್ನಾಟಕ, ಆದಿದ್ರಾವಿಡ ಎಂಬ ಹೆಸರುಗಳ ಕೆಳಗೆ ಎಡಗೈ ಬಲಗೈ ಎರಡೂ ಇವೆ. ಒಳಮೀಸಲಾತಿ ಕೊಡಬಹುದು ಎಂದು ಸುಪ್ರೀಂ ಕೋರ್ಟು 2024ರ ಆಗಸ್ಟ್ 1ರಂದು ಹೇಳಿತು. ಈ ಹೆಸರುಗಳ ಹಿಂದಿನ ಮೂಲ ಜಾತಿ ಯಾವುದು ಎಂದು ತಿಳಿಯಲು ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ 2025ರಲ್ಲಿ ಮನೆಮನೆ ಸಮೀಕ್ಷೆ ಮಾಡಿತು. ಎಸ್ಸಿ ಹಾಸ್ಟೆಲಿನಲ್ಲೂ 'ಅವರು ನಮ್ಮೋರಲ್ಲ' ಎಂಬ ಮಾತು ಕೇಳುತ್ತದೆ. ತಮಿಳು ಮಾತಾಡುವವಳನ್ನು 'ಕೊಂಗಾಟಿ' ಅಂತ ಆಡಿಕೊಳ್ಳುವುದೂ ಇದೆ. ಮೇಲಿನವರ ತಾರತಮ್ಯವನ್ನು ಬಯಲು ಮಾಡುವ ವಿಮರ್ಶೆ ತನ್ನ ಒಳಮನೆಯನ್ನೂ ಗುಡಿಸಬೇಕಾಗುತ್ತದೆ.

ಜಾತಿ ಸಮುದ್ರ ದಾಟಿದರೂ ಬಿಡುವುದಿಲ್ಲ. ಅಮೆರಿಕದಲ್ಲಿ 1998ರಿಂದ ದಕ್ಷಿಣ ಏಷ್ಯಾದ ಹುಡುಗಿಯರದೇ ಸೊರೊರಿಟಿಗಳೂ ಇವೆ. ಬಿಳಿಯರ ನಡುವೆ ಅವರೆಲ್ಲ ಒಂದೇ 'ಕಂದು' ಬಣ್ಣ. ಆದರೆ ಆ ಬಣ್ಣದ ಒಳಗೆ ಜಾತಿ ಇದೆ ಎಂದು ಅಲ್ಲಿನ ದಲಿತ ವಿದ್ಯಾರ್ಥಿಗಳು ಗಟ್ಟಿಯಾಗಿ ಹೇಳಿದ್ದರಿಂದ, 2022ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯ ತನ್ನ ತಾರತಮ್ಯ ವಿರೋಧಿ ನಿಯಮದಲ್ಲಿ 'ಜಾತಿ' ಎಂಬ ಪದವನ್ನು ಸೇರಿಸಿತು. ಹೆಸರಿಟ್ಟು ಹೇಳದಿದ್ದರೆ ವೈವಿಧ್ಯದ ಒಳಗೇ ಜಾತಿ ಹಾಯಾಗಿ ಇರುತ್ತದೆ.

7

ಹಾಗಾದರೆ ವೈವಿಧ್ಯ ಎಂದರೇನು? ಒಂದು ಸೂರಿನಡಿ ಎಷ್ಟು ಜಾತಿ ಇವೆ ಎನ್ನುವ ತಲೆಯೆಣಿಕೆ ವೈವಿಧ್ಯವಲ್ಲ. ಹಾಗೆ ಎಣಿಸಿದರೆ ನಮ್ಮ ಹಳ್ಳಿಗಳಷ್ಟು ವೈವಿಧ್ಯ ಎಲ್ಲೂ ಇಲ್ಲ. ಚಿನ್ನದ ಗಣಿಯಲ್ಲೂ ಇತ್ತು: ಇಂಗ್ಲಿಷರು, ಇಟಲಿಯವರು, ಆಂಗ್ಲೋ ಇಂಡಿಯನ್ನರು, ಪಂಜಾಬಿ ಕಾವಲುಗಾರರು, ನಾವು. ಎಲ್ಲರೂ ಇದ್ದರು, ಅವರವರ ಜಾಗದಲ್ಲಿ. ಪ್ರಶ್ನೆ ಇರುವುದು ನಿಯಮ ಯಾರದು ಎಂಬಲ್ಲಿ. ಯಾವುದು ವಾಸನೆ, ಯಾವುದು ಪರಿಮಳ ಎಂದು ತೀರ್ಮಾನಿಸುವವರು ಯಾರು? ಹೊಂದಿಕೊಂಡು ಹೋಗು ಎಂದು ಯಾವಾಗಲೂ ಒಬ್ಬಳಿಗೇ ಹೇಳಿದರೆ ಅದು ಆಳ್ವಿಕೆ. ಇಬ್ಬರಿಗೂ ಹೇಳಿದಾಗ, ಇಬ್ಬರೂ ಸ್ವಲ್ಪ ಕಷ್ಟಪಟ್ಟಾಗ ಮಾತ್ರ ಅದಕ್ಕೆ ವೈವಿಧ್ಯ ಎಂಬ ಹೆಸರು ಸಲ್ಲುತ್ತದೆ.

ಇದನ್ನು ಹಾಸ್ಟೆಲಿನ ದಿನಚರಿಗೆ ಇಳಿಸಬೇಕು. ಕೋಣೆಗಳನ್ನು ಚೀಟಿ ಎತ್ತಿ ಹಂಚಲಿ. ಊಟದ ಸಮಿತಿಯಲ್ಲಿ ಎಲ್ಲ ತಟ್ಟೆಯವರೂ ಇರಲಿ. ಬಚ್ಚಲು ತೊಳೆಯುವ ಸರದಿ ಇದ್ದರೆ ಎಲ್ಲರ ಹೆಸರೂ ಬರಲಿ, ಇಲ್ಲದಿದ್ದರೆ ಯಾರದೂ ಬೇಡ. ಸ್ಕಾಲರ್‌ಶಿಪ್ಪಿನ ಪಟ್ಟಿಯನ್ನು ಊಟದ ಹಾಲಿನಲ್ಲಿ ನಿಂತು ಕೂಗುವುದು ನಿಲ್ಲಲಿ. 2012ರಲ್ಲೇ ಯುಜಿಸಿ ಸಮಾನತೆಯ ನಿಯಮಾವಳಿ ಮಾಡಿದೆ. ಹಾಸ್ಟೆಲಿನಲ್ಲಿ, ಮೆಸ್ಸಿನಲ್ಲಿ ಬೇರೆ ಮಾಡುವುದು ತಾರತಮ್ಯ ಎಂದು ಅದರಲ್ಲಿ ಬರೆದಿದೆ, ದೂರು ಕೇಳಲು ಸಮಾನ ಅವಕಾಶ ಘಟಕ ಇರಬೇಕು ಎಂದಿದೆ. ನಮ್ಮ ಕಡೆಯ ಹುಡುಗಿಯರನ್ನು ಈ ಬಗ್ಗೆ ಕೇಳಿದರೆ ಬಹಳ ಜನಕ್ಕೆ ಇಂಥದ್ದೊಂದು ಇದೆ ಎಂದೇ ಗೊತ್ತಿಲ್ಲ. ಪ್ರವೇಶದ ದಿನ ಕೊಡುವ ಕಾಗದಗಳ ಜೊತೆ ಅದರ ಒಂದು ಪುಟವನ್ನು ಕನ್ನಡದಲ್ಲಿ ಕೊಡುವುದಕ್ಕೆ ಯಾರ ಗಂಟೂ ಹೋಗುವುದಿಲ್ಲ. ಆದರೆ ನಿಯಮ ಒಂದೇ ಸಾಲದು. ಅಲಬಾಮಾದಲ್ಲಿ ಬಾಗಿಲು ಅಲುಗಿದ್ದು ಒಳಗಿದ್ದ ಬಿಳಿಯ ಹುಡುಗಿಯರೂ ಬಾಯಿ ಬಿಟ್ಟಾಗ. ಮೇಲ್ಜಾತಿಯ ಗೆಳತಿ 'ನನಗೆ ಅಂಥದ್ದೇನೂ ಇಲ್ಲಪ್ಪ' ಎಂದರೆ ಸಾಲದು, ತನ್ನ ಮನೆಯವರ ಮುಂದೆ ಮಾತಾಡಬೇಕು.

ಇನ್ನು ದಲಿತ ವಿಮರ್ಶೆಗೆ ಒಂದು ಮಾತು. ನಾವು ಕೃತಿಗಳನ್ನು ಓದುವ ಕಣ್ಣಿನಿಂದ ಕೋಣೆಯ ಪಟ್ಟಿಯನ್ನೂ ಗೋಡೆಯ ನೋಟೀಸನ್ನೂ ಓದಬೇಕು. ಎಸ್ಸಿ ಹಾಸ್ಟೆಲಿನ ಹುಡುಗಿಯರ ನೋಟುಬುಕ್ಕಿನ ಕೊನೆಯ ಹಾಳೆಗಳಲ್ಲಿ ಬರಹ ಇದೆ. ಕನ್ನಡ ಅಕ್ಷರದಲ್ಲಿ ಬರೆದ ತಮಿಳು ಹಾಡಿದೆ, ತೆಲುಗು ಬೆರೆತ ಕನ್ನಡ ಇದೆ, ಅರ್ಧ ಬರೆದು ಹೊಡೆದು ಹಾಕಿದ ಹೆಸರುಗಳಿವೆ. ಅದಕ್ಕೆ ಶುದ್ಧ ಭಾಷೆಯ ಅಳತೆಗೋಲು ಹಿಡಿದರೆ ನಮಗೂ ಆ ನೋಟೀಸು ಬರೆದವರಿಗೂ ವ್ಯತ್ಯಾಸ ಉಳಿಯುವುದಿಲ್ಲ. ಆ ಹಾಳೆಗಳು ಅಚ್ಚಿಗೆ ಬರಲಿ. ಬಂದಾಗ ಅವುಗಳನ್ನು ಓದುವ ವಿಮರ್ಶೆ ಸಿದ್ಧವಾಗಿರಲಿ.